ಕೆಂಪಾದ ಕಂಬಗಳು

ಆಗಸ್ಟ್ ೧೮, ಸೋಮವಾರ. ಶಹಾಪುರ.

ಆ ಕಂಬಗಳು ಕಣ್ಣಿಂದ ಹೋಗುತ್ತಿಲ್ಲ. ಹೋದ ತಿಂಗಳು ನೆಲ ಸಣ್ಣಗೆ ನಡುಗಿದ ಮೇಲೆ, ಸುರಪುರದ ಹೆಣ್ಣುಮಕ್ಕಳ ಖಾಸಗಿ ಹಾಸ್ಟೆಲ್ಲಿನ ವಾರ್ಡನ್ ಅಮೃತಮ್ಮ ಕಟ್ಟಡ ಪರೀಕ್ಷಿಸಲು ಇಂಜಿನಿಯರ್ ಬೇಕೆಂದು ತಾವಾಗಿಯೇ ನನ್ನನ್ನು ಕರೆಸಿದ್ದರು. ಅಳತೆ ತಂದು ಆ ಕಟ್ಟಡದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿದೆ. ಭೂಕಂಪದ ಹಾಗೆ ಅಲುಗಿಸಿದಾಗ, ಗೋಡೆಯಿಲ್ಲದ ಕೆಳಗಿನ ಅಂತಸ್ತಿನ ಕಂಬಗಳು ಒಂದೊಂದಾಗಿ ಕೆಂಪಾದವು. ಕೆಂಪೆಂದರೆ ಮುರಿದಂತೆ. ಮಕ್ಕಳು ಮಲಗುವುದು ಅವುಗಳ ಮೇಲೆ.

ಇವತ್ತು ಹೋಗಿ ಹೇಳಿದೆ. ಅಮೃತಮ್ಮ ವಾದ ಮಾಡಲಿಲ್ಲ.

“ಖಾಲಿ ಮಾಡಾಕ ನಾ ತಯಾರ್ ಅದೀನ್ರಿ. ಆದ್ರ ಬ್ಯಾರೆ ಕಡಿ ಯಾರೂ ಜಾಗ ಕೊಡವಲ್ರು. ಮನಿಗಿ ಕಳಿಸಿದ್ರ ಅರ್ಧ ಹುಡುಗ್ಯಾರು ತಿರುಗಿ ಬರಂಗಿಲ್ಲ, ಲಗ್ನ ಮಾಡಿಬಿಡ್ತಾರ. ನೀವೇ ಹೇಳ್ರಿ ಮೇಡಂ, ಏನ್ ಮಾಡ್ಲಿ?”

ಕಂಬಗಳನ್ನು ದಪ್ಪ ಮಾಡಿಸಬಹುದು, ನಡುವೆ ಗೋಡೆ ಕಟ್ಟಿಸಬಹುದು. ಅದಕ್ಕೆ ಕಟ್ಟಡದ ಮಾಲೀಕರು ಒಪ್ಪಬೇಕು; ಅವರಿಗೆ ಫೋನ್ ಮಾಡಿದೆ. “ಅಷ್ಟು ನಡುಗಿದ್ರೂ ಏನೂ ಆಗಿಲ್ಲಲ್ಲ, ಬಿಡ್ರಿ” ಎಂದು ಇಟ್ಟುಬಿಟ್ಟರು.

ಕೊನೆಗೆ, ರಾತ್ರಿ ಮೆಟ್ಟಿಲಿನ ಗೇಟಿಗೆ ಬೀಗವನ್ನಾದರೂ ಹಾಕಬೇಡಿ, ಮಕ್ಕಳಿಗೆ ಓಡಲು ದಾರಿಯಿರಲಿ ಎಂದೆ.

“ಬೀಗ ಹಾಕ್ತೀನಂತ ಮಾತು ಕೊಟ್ಟೇ ಅವರ ಅಪ್ಪಂದಿರ ಕಡಿಂದ ಕರ್ಕೊಂಡು ಬಂದೀನ್ರಿ.”

ನಾನು ಹೊರಟಾಗ ಕತ್ತಲಾಗಿತ್ತು. ಮೇಲೆ ಯಾರೋ ಜೋರಾಗಿ ಪಾಠ ಓದುತ್ತಿದ್ದರು. ಅಮೃತಮ್ಮ ನನ್ನ ಮುಖ ನೋಡದೆ ಗೇಟಿಗೆ ಬೀಗ ಹಾಕಿ, ಜಗ್ಗಿ ನೋಡಿದರು. ಇನ್ನೊಮ್ಮೆ ಬೇಡ ಎನ್ನಬೇಕಿತ್ತು. ಎಂದಿದ್ದರೆ, ಬೀಗವಿಲ್ಲವೆಂದು ಅಪ್ಪಂದಿರು ಆ ಮಕ್ಕಳನ್ನು ಮನೆಗೆ ಕರೆದೊಯ್ದು...