ಏಳನೇ ಕೊಠಡಿಯಲ್ಲಿ ಕೂತವಳು ಗೈರುಹಾಜರಲ್ಲ

ಮಾನ್ಯ ಪ್ರಾಂಶುಪಾಲರೇ,

ನನ್ನ ಮಗಳು ಬ್ರಾಹ್ಮಿ ತಮ್ಮ ಕಾಲೇಜನ್ನು ಒಂದು ದಿನವೂ ತಪ್ಪಿಸಿಲ್ಲ. ಆದರೂ ಹಾಜರಾತಿ ಸಾಲದು, ಮೊದಲ ಸೆಮಿಸ್ಟರಿನ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದೀರಿ. ಈ ಲೆಕ್ಕ ನನಗೆ ಬಿಡಿಸಲಾಗುತ್ತಿಲ್ಲ. ಹತ್ತೊಂಬತ್ತಕ್ಕೇ ತಾಯಿಯಾಗಿ, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಬಿ.ಎಸ್ಸಿ. ಮುಗಿಸಿದವಳು ನಾನು. ಈಚೆಗೆ ನಿದ್ದೆಯೂ ಇಲ್ಲ, ತಲೆ ಓಡದಿರಬಹುದು. ತಾವೇ ಬಿಡಿಸಿ ಹೇಳಿ.

ಬ್ರಾಹ್ಮಿಗೆ ಆಟಿಸಂ ಇದೆ. ಸೇರಿಸುವಾಗಲೇ ಹೊಸನಗರದಿಂದ ಸಾಗರಕ್ಕೆ ಬಂದು ತಮ್ಮ ಎದುರು ಕೂತು ಹೇಳಿದ್ದೆ: ಮುಂಚೆ ತಿಳಿಸಿದರೆ ಯಾವ ಬದಲಾವಣೆಗೂ ಒಗ್ಗಿಕೊಳ್ಳುತ್ತಾಳೆ, ತಿಳಿಸದಿದ್ದರೆ ಕಷ್ಟ. "ನೋಡೋಣ ಬಿಡಿಯಮ್ಮ, ಹುಡುಗಿ ಚೆನ್ನಾಗೇ ಇದ್ದಾಳಲ್ಲ" ಎಂದಿರಿ. ಚೆನ್ನಾಗಿಯೇ ಇದ್ದಾಳೆ. ವೇಳಾಪಟ್ಟಿಯಲ್ಲಿ ಏಳನೇ ಕೊಠಡಿ ಎಂದಿದ್ದರೆ ಏಳನೇ ಕೊಠಡಿಗೇ ಹೋಗುತ್ತಾಳೆ. ತಮ್ಮಲ್ಲಿ ಕೊಠಡಿ ಬದಲಾದರೆ ಯಾರೋ ಕಾರಿಡಾರಿನಲ್ಲಿ ಕೂಗಿಕೊಂಡು ಹೋಗುವುದು ಪದ್ಧತಿಯಂತೆ. ಆ ಗದ್ದಲಕ್ಕೆ ಕಿವಿ ಮುಚ್ಚಿಕೊಂಡವಳು, ಖಾಲಿ ಬೆಂಚುಗಳ ಮಧ್ಯೆ ಪುಸ್ತಕ ತೆರೆದು ಪಾಠಕ್ಕೆ ಕಾದಿದ್ದಾಳೆ. ಒಂದು ಸಲವಲ್ಲ, ಬದಲಾದಾಗಲೆಲ್ಲ. ಪಾಠ ನಡೆದ ಮೇಲಿನ ಮಹಡಿಯಲ್ಲಿ ಅವಳಿಗೆ ಗೈರುಹಾಜರಿ ಬಿದ್ದಿದೆ.

"ಅಷ್ಟೂ ಜನಕ್ಕೆ ಗೊತ್ತಾಯ್ತು, ಮಹಾರಾಣಿಗೊಬ್ಬಳಿಗೆ ಗೊತ್ತಾಗ್ಲಿಲ್ವಾ?" ಎಂದು ಉಪನ್ಯಾಸಕರು ಕೇಳಿದರಂತೆ. "ಇಲ್ಲ ಸರ್. ನೀವು ಹೇಳ್ಲಿಲ್ಲ" ಎಂದಳಂತೆ. ಕೇಳಿದ್ದಕ್ಕೆ ಉತ್ತರ ಕೊಟ್ಟದ್ದು ಉದ್ಧಟತನವಾಯಿತು.

ಇನ್ನೊಂದು ಸಂಗತಿ. ನಮ್ಮ ಮನೆಯಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ. ಅವಳಿಗದು ಧರ್ಮಕ್ಕಿಂತ ಹೆಚ್ಚಾಗಿ ಗಡಿಯಾರ. ಹಾಸ್ಟೆಲಿನಲ್ಲಿ ಕತ್ತಲಾದ ಮೇಲೆ ಬಡಿಸಿದ ತಟ್ಟೆ ಮುಟ್ಟದೆ ಮಲಗುತ್ತಿದ್ದಳು. ಹೇಳಿಕೊಂಡರೆ ವಾರ್ಡನ್ ಕನ್ನಮ್ಮನವರು, "ಅಯ್ಯೋ, ಜೈನರಾ? ಮೊದ್ಲೇ ಹೇಳ್ಬಾರ್ದಾ. ನಾಳೆಯಿಂದ ಸಂಜೆನೇ ಬಡಿಸ್ತೀನಿ" ಎಂದರು, ಬಡಿಸಿದರು. ಸರ್ಟಿಫಿಕೇಟ್ ಕೇಳಲಿಲ್ಲ. "ಒಬ್ಬಳಿಗೆ ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ" ಎನ್ನಲಿಲ್ಲ. ಆ ಮಾತು ತಮ್ಮದು, ಕೊಠಡಿ ಬದಲಾವಣೆಯನ್ನು ಹಿಂದಿನ ಸಂಜೆ ಮೊಬೈಲಿಗೆ ತಿಳಿಸಿ ಎಂದು ಬೇಡಿಕೊಂಡಾಗ ಹೇಳಿದ್ದು. ಎಲ್ಲರೂ ಕೇಳಲಿ ಸ್ವಾಮಿ. ತರಗತಿ ಎಲ್ಲಿದೆಯೆಂದು ವಿದ್ಯಾರ್ಥಿಗಳಿಗೆಲ್ಲ ಮುಂಚೆಯೇ ಗೊತ್ತಾದರೆ ಕಾಲೇಜಿಗೆ ಆಗುವ ನಷ್ಟವೇನು? ಕೊಠಡಿ ಬದಲಿಸುವುದು ನಮ್ಮ ಧರ್ಮದಲ್ಲಿ ನಿಷಿದ್ಧ ಎಂದುಬಿಟ್ಟಿದ್ದರೆ ಕೆಲಸವಾಗುತ್ತಿತ್ತೋ ಏನೋ. ಆ ಸುಳ್ಳು ಹೇಳಲಾರೆ. ಪಕ್ಕದಲ್ಲಿ ಬ್ರಾಹ್ಮಿ ಇದ್ದರೆ ಅಲ್ಲೇ ತಿದ್ದುತ್ತಾಳೆ.

ಅವಳು ಏಳನೇ ಕೊಠಡಿಯಲ್ಲಿ ಕಾದು ಕೂತ ತರಗತಿಗಳನ್ನೆಲ್ಲ ಹಾಜರಿಯೆಂದೇ ಎಣಿಸಿ, ಪರೀಕ್ಷೆಗೆ ಕೂರಿಸಿ. ಇನ್ನು ಮುಂದೆ ಬದಲಾವಣೆಯನ್ನು ಬರೆದು, ಮುಂಚಿತವಾಗಿ ತಿಳಿಸಿ. ಇದು ದಯೆಯಲ್ಲ, ಸೇರಿಸಿಕೊಂಡ ಮೇಲೆ ತಮ್ಮ ಕರ್ತವ್ಯ.

ನಿನ್ನೆ ಫೋನಿನಲ್ಲಿ, "ಅಮ್ಮಾ, ಪರೀಕ್ಷೆ ಯಾವ ರೂಮಲ್ಲಿ?" ಎಂದಳು. ಕೂರಿಸುವುದಿಲ್ಲವಂತೆ ಎನ್ನದೆ, "ಕೇಳಿ ಹೇಳ್ತೀನಿ" ಎಂದೆ. ಉತ್ತರ ತಾವೇ ಹೋಗಿ ಕೊಡಿ. ಹುಡುಕುವ ತೊಂದರೆಯಿಲ್ಲ. ತಾವು ಹೇಳಿದ ಜಾಗದಲ್ಲೇ ಕೂತಿರುತ್ತಾಳೆ.

ಇಂತಿ,
ತಮ್ಮ ವೇಳಾಪಟ್ಟಿಯನ್ನು ನಿಜವಾಗಿ ನಂಬಿದ ಒಬ್ಬಳೇ ವಿದ್ಯಾರ್ಥಿನಿಯ ತಾಯಿ,
ಜ್ವಾಲಾಮಾಲಿನಿ, ಹೊಸನಗರ