ತಿರುಗದ ಮೆಟ್ಟಿಲು

ಮನೆ, ಅಪ್ಪನ ಕೋಣೆಯ ಹೊರಗೆ
ತಾ. ೧೪, ಭಾನುವಾರ ಮಧ್ಯಾಹ್ನ

ಸನ್ಮಾನ್ಯ ಅಧ್ಯಕ್ಷರೇ, ಪೂಜ್ಯ ತೀರ್ಪುಗಾರರೇ, ಕೊನೆಯ ಸಾಲಿನಲ್ಲಿ ಆಕಳಿಸುತ್ತಿರುವ ಮಹಾಜನರೇ, ಹಾಗೂ ಈ ಮನೆಯ ಏಕಮೇವಾದ್ವಿತೀಯ ಮಗಳಾದ ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಕತ್ತುನೋವು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ, ಯಾರೂ ಕೇಳದಿದ್ದರೂ ಹೇಳಿಕೊಳ್ಳುವ ಅಭ್ಯಾಸ. ಫೋನ್ ಮಾಡಿದರೆ ನೀನು “ಅಪ್ಪಂಗೆ ಕೊಡು” ಅನ್ನುತ್ತೀಯ, ಅದಕ್ಕೇ ಕಾಗದ. ಅಪ್ಪನ ಬಿ.ಪಿ. ಸರಿಯಿದೆ, ಸಿಟ್ಟು ಮಾತ್ರ ಸರಿಯಿಲ್ಲ. ಕಾರಣ, ನೀನು ವರ್ಗವಾಗಿ ಹೋಗುವ ಮೊದಲು ಕೂಡಿಸಿಕೊಟ್ಟ ಆ ಲಿನಕ್ಸ್ ಕಂಪ್ಯೂಟರು. ಹೋದ ತಿಂಗಳ ಅಪ್‌ಡೇಟ್ ಆದಾಗಿನಿಂದ ಪರದೆ ತೆವಳುತ್ತಿದೆ. ಪರದೆಯ ಮೇಲಿನ ಕಿಟಕಿಯನ್ನು ಎಳೆದರೆ ತಲೆ ಮುಂದೆ ಬರುತ್ತದೆ, ಬಾಲ ಬಿಡುವು ಮಾಡಿಕೊಂಡು ಬರುತ್ತದೆ. ನಿವೃತ್ತ ನಕ್ಷೆಗಾರರಲ್ಲವೇ, ತಾವು ಬರೆದ ಹಳೆಯ ಮನೆಗಳ ನಕ್ಷೆಗಳನ್ನೆಲ್ಲ ಅದಕ್ಕೆ ಏರಿಸುತ್ತಿದ್ದರು. ಈಗ ಇಪ್ಪತ್ತೇಳನೆಯ ಮನೆಯ ಸುರುಳಿ ಮೆಟ್ಟಿಲಲ್ಲಿ ನಿಂತಿದ್ದಾರೆ. ತಿರುಗಿಸಿದರೆ ಎರಡು ಮೆಟ್ಟಿಲು ತಿರುಗಿ, ಉಳಿದವು ಯೋಚನೆಗೆ ಕೂರುತ್ತವೆ. ದಿನಾ ಸಂಜೆ ಅಪ್ಪ ಫೋನನ್ನು ಪರದೆಗೆ ಹಿಡಿದು, ಡಾಕ್ಟರಿಗೆ ನಾಲಗೆ ತೋರಿಸುವ ಹಾಗೆ ನಿನಗೆ ತೋರಿಸುತ್ತಾರೆ. ನೀನು ಅಲ್ಲಿಂದಲೇ ಇದರೊಳಗೆ ಹೊಕ್ಕು ರಿಪೇರಿ ಮಾಡಬಲ್ಲೆ ಎಂಬುದು ಅವರ ಹೆಮ್ಮೆ. ನನಗೆ ಸಿಕ್ಕಿದ್ದು, “ನೀನು ಮುಟ್ಬೇಡಪ್ಪಾ, ಪುಟ್ಟಿ ನೋಡ್ಕೋತಾಳೆ.”

ಮುಟ್ಟಿದೆ. ಬಿ.ಎ. ಓದಿದವನು, ನಿಘಂಟು ತೊಡೆಯ ಮೇಲಿಟ್ಟುಕೊಂಡು ಐದು ದಿನ ಓದಿದೆ. ಚಿತ್ರ ಬಿಡಿಸುತ್ತಿರುವವರು ಯಾರು ಎಂದು ಆಜ್ಞೆ ಬರೆಯುವ ಟರ್ಮಿನಲ್ಲಿನಲ್ಲಿ ಕೇಳಿದರೆ ಗ್ರಾಫಿಕ್ಸ್ ಕಾರ್ಡಿನ ಹೆಸರೇ ಇಲ್ಲ! ಕಾರ್ಡನ್ನು ದುಡಿಸುವ ಡ್ರೈವರ್ ಎಂಬ ತಂತ್ರಾಂಶ, ಅಪ್‌ಡೇಟಿನಲ್ಲಿ ಬಂದ ಹೊಸ ಕರ್ನಲ್ಲಿಗೆ, ಅಂದರೆ ಲಿನಕ್ಸಿನ ತಿರುಳಿಗೆ, ಹೊಂದದೆ ಕಾರ್ಡು ಕೈಕಟ್ಟಿ ಕೂತಿದೆ; ಅದರ ಕೆಲಸವನ್ನೆಲ್ಲ ಪಾಪದ ಪ್ರೊಸೆಸರ್ ಏದುಸಿರು ಬಿಡುತ್ತ ಮಾಡುತ್ತಿದೆ. ಬೆವರು ಒಬ್ಬನದು, ಹೆಸರು ಇನ್ನೊಬ್ಬರದು. ಇದು ಕಂಪ್ಯೂಟರಿನ ದೋಷವೋ ನನ್ನ ಆತ್ಮಚರಿತ್ರೆಯೋ ಎಂದು ಗೊತ್ತಾಗದೆ ಮತ್ತೆ ನಿಘಂಟು ತೆರೆದೆ. ಮಾತ್ರೆ ತರುವವನು ನಾನು, ಕನ್ನಡಕ ಹುಡುಕುವವನು ನಾನು, “ಮಗಳಿದ್ದಿದ್ರೆ…” ಎಂಬ ನಿಟ್ಟುಸಿರು ಮಾತ್ರ ನಿನ್ನ ಪಾಲು. ನನ್ನ ಸಂಶೋಧನೆ ಸದ್ಯ ಇಲ್ಲಿಗೆ ನಿಂತಿದೆ. ಆದ್ದರಿಂದ ಸಭೆಗೆ ನನ್ನ ವಿನಂತಿ: ಇದು ದೂರದಿಂದ ಆಗುವ ಕೆಲಸವಲ್ಲ, ಅಣ್ಣನನ್ನೇ ಕೂರಿಸಿ ಎಂದು ಅಪ್ಪನಿಗೆ ನೀನೇ ತಿಳಿಸತಕ್ಕದ್ದು.

ಮಕ್ಕಳಿಗೆ ಮುತ್ತು, ಭಾವನಿಗೆ ನಮಸ್ಕಾರ, ನಿನಗೆ ಈ ವರ್ಷವಾದರೂ ಒಂದು ಒಳ್ಳೆಯ ದಿಂಬಿನ ಪುರಸ್ಕಾರ.

ಇಂತು,
ನಿನಗಿಂತ ನಾಲ್ಕು ವರ್ಷ ಮೊದಲೇ ಹುಟ್ಟಿಯೂ ಎರಡನೆಯವನಾದ
ಅಣ್ಣ

ತಾ.ಕ.: ಮೇಲಿನದು ಪೂರ್ತಿ ನಿಜವಲ್ಲ. ಹೊಂದುವ ಡ್ರೈವರ್ ಹುಡುಕಿ ಮಂಗಳವಾರವೇ ಹಾಕಿದ್ದೆ. ಮೆಟ್ಟಿಲು ಬುಗುರಿಯ ಹಾಗೆ ತಿರುಗಿತು. ಅಪ್ಪ ಕುರ್ಚಿಯಿಂದ ಎದ್ದುಬಿಟ್ಟರು. “ನೋಡಿದ್ಯಾ, ಅಲ್ಲಿಂದ್ಲೇ ಸರಿಮಾಡಿದ್ಳು ನನ್ ಮಗಳು!” ಸಂಜೆ ನಿನಗೂ ಹೇಳಿದರು. ನೀನು “ಹೌದಾ ಅಪ್ಪಾ, ಒಳ್ಳೇದಾಯ್ತು ಬಿಡಿ” ಅಂದೆ, ಮಾಡಿದ್ದು ನಾನಲ್ಲ ಅನ್ನಲಿಲ್ಲ. ಬುಧವಾರ ಅವರು ಸ್ನಾನಕ್ಕೆ ಹೋದಾಗ ಡ್ರೈವರನ್ನು ನನ್ನ ಕೈಯಾರೆ ಕಿತ್ತುಹಾಕಿದೆ. ಇವತ್ತು ಬೆಳಿಗ್ಗೆ ಅಪ್ಪ ಮೌಸಿನ ವೈರು ಸುತ್ತಿ ಮೇಜಿನ ಖಾನೆಯಲ್ಲಿಟ್ಟು, “ಸಾಕು ಬಿಡು, ನನ್ ಕಾಲ ಮುಗೀತು” ಅಂದರು. ಈ ಕಾಗದ ನಿನಗೆ ಸೇರುವಷ್ಟರಲ್ಲಿ ನಾನು ಮತ್ತೆ ಸರಿಮಾಡಿರುತ್ತೇನೆ, ಅವರು ಮತ್ತೆ ನಿನಗೇ ಶಹಭಾಸ್ ಅಂದಿರುತ್ತಾರೆ. ಓದಿದ ಕೂಡಲೇ ಫೋನ್ ಮಾಡಿ, ಅದು ಅಣ್ಣ ಮಾಡಿದ್ದು ಅಂತ ಹೇಳು. ಕಿತ್ತವರು ಯಾರು ಅಂತ ಮಾತ್ರ ಹೇಳಬೇಡ.