ಅರಿಸಿನ ನೀರೆರೆದ ಕೋಳಿಗಳು

ಗುಡೇಕೋಟೆ
5-12-2024, ಗುರುವಾರ ಸಂಜೆ

ಅತ್ತೆಯವರಿಗೆ, ಪಕ್ಕೀರಮ್ಮ ಇಲ್ಲಿಂದಲೇ ನಿಮ್ಮ ಪಾದ ಮುಟ್ಟಿ ಬರೆಯುವುದು.

ಆಪರೇಷನ್ ಆದ ಕಣ್ಣು ಹೇಗಿದೆ? ಮಗಳ ಮನೆ ಎಂದು ಸಂಕೋಚಪಡದೆ ಹೊತ್ತು ಹೊತ್ತಿಗೆ ಹನಿ ಹಾಕಿಸಿಕೊಳ್ಳಿರಿ. ಹರಪನಹಳ್ಳಿಯಲ್ಲೂ ಇಲ್ಲಿಯ ಹಾಗೇ ಜಡಿಮಳೆ ಹಿಡಿದಿದ್ದರೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಒಳಗೇ ಇರಿ. ಊರಮ್ಮನ ದಯೆಯಿಂದ ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೆ ಈ ಕಾಗದ. ನಾಳೆ ಪಕ್ಕದ ಮನೆಯ ಗಾದೆಪ್ಪ ಅಲ್ಲಿಗೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ನಿಮ್ಮ ಮಗಳು ರೇಣುಕಾ ಓದಿ ಹೇಳಲಿ.

ಕೋಳಿಗಳ ವಿಷಯ ಹೇಳಬೇಕು. ನೀವು ಹೋದ ವಾರಕ್ಕೇ ಎಂಟೂ ಕೋಳಿಗಳು ಪುಕ್ಕ ಉದುರಿಸತೊಡಗಿದವು. ತತ್ತಿ ಇಡುವುದೂ ನಿಂತಿತು. ನಾನು ಈ ಮನೆಗೆ ಬಂದು ಮೂವತ್ತೆರಡು ವರ್ಷವಾದರೂ ಗೂಡಿನ ಬಾಗಿಲು ತೆಗೆದವರು ನೀವೇ. ಅಲ್ಲೊಂದು ಇಲ್ಲೊಂದು ಪುಕ್ಕ ಬಿದ್ದಿರುವುದನ್ನು ಕಂಡಿದ್ದೆ, ಕುತ್ತಿಗೆ ಬೆನ್ನು ಹೀಗೆ ಬೋಳಾದದ್ದು ಕಂಡಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಬೋಳಾದದ್ದು ನಿಮ್ಮ ಕರಿ ಕೋಳಿ. ನಿಮ್ಮ ಕೈ ಬಿಟ್ಟರೆ ಬೇರೆ ಯಾರ ಕೈಯಿಂದಲೂ ಕಾಳು ತಿನ್ನದ ಕೋಳಿ ಅದು. "ನಾ ಬರೋತನ ಅದನ್ನ ನೋಡ್ಕೋವಾ" ಎಂದು ಬಸ್ಸಿನ ಕಿಟಕಿಯಿಂದ ಮೂರು ಸಲ ಹೇಳಿದ್ದಿರಿ. ಅದರ ಮೈಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಂತೆ ಕಂಡಿತು. ಅಮ್ಮ ಬಂದಿದ್ದಾಳೆ ಎಂದುಕೊಂಡೆ. ಹಿಂದೆ ನಮ್ಮ ಮಕ್ಕಳಿಗೆ ಅಮ್ಮ ಬಂದಾಗ ನೀವು ಬೇವಿನ ಸೊಪ್ಪು, ಅರಿಸಿನ ಹಾಕಿ ನೀರೆರೆದದ್ದು ನೆನಪಿತ್ತು. ಮಂಗಳವಾರ ಮಡಿಯುಟ್ಟು ಎಂಟನ್ನೂ ಒಂದೊಂದಾಗಿ ಹಾಗೆಯೇ ಮೀಯಿಸಿದೆ. ಹೊರಗೆ ಭಾನುವಾರದಿಂದ ಬಿಡದ ಮಳೆ, ಗಾಳಿ. ಅದು ತಲೆಗೆ ಹೋಗಲೇ ಇಲ್ಲ ನೋಡಿರಿ.

ಸಂಜೆಗೆ ಎಲ್ಲವೂ ನಡುಗಲು ಹತ್ತಿದವು. ಮರುದಿನ ನಿಮ್ಮ ಮಗ ಪಶು ಆಸ್ಪತ್ರೆಯ ಕ್ರಾಂತಿಯನ್ನು ಕರೆತಂದರು. ಆ ಹುಡುಗಿ ಕರಿ ಕೋಳಿಯನ್ನು ನೋಡಿ, "ಇದು ಅಮ್ಮ ಅಲ್ಲ ಬಿಡ್ರಿ. ಹಳೇ ಪುಕ್ಕ ಬಿಟ್ಟು ಹೊಸಾವು ಬರಾಕ ಹತ್ಯಾವ. ಇವು ಗುಳ್ಳಿ ಅಲ್ಲ, ಪುಕ್ಕದ ಮೊಳಿಕಿ. ಅರಿವಿ ಇಲ್ಲದ ಮೈಗೆ ಇಂಥಾ ಥಂಡ್ಯಾಗ ನೀರು ಹೊಯ್ದೀರಲ್ರಿ" ಎಂದಳು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವಳು ಹೇಳಿದಂತೆ ಗೂಡಿನ ಒದ್ದೆ ಹೊಟ್ಟು ಬಳಿದು ತೆಗೆದು ಒಣ ಶೇಂಗಾ ಹೊಟ್ಟು ಹಾಸಿದ್ದೇನೆ. ಗಾಳಿ ಬೀಸುವ ಕಡೆ ಚೀಲ ಕಟ್ಟಿ, ಮೇಲೆ ಮಾತ್ರ ಸ್ವಲ್ಪ ಸಂದು ಬಿಟ್ಟಿದ್ದೇನೆ. ನುಚ್ಚಿನ ಜೊತೆ ಶೇಂಗಾ ಹಿಂಡಿ, ಒಣಮೀನಿನ ಪುಡಿ ಹಾಕುತ್ತೇನೆ. ಹೊಸ ಪುಕ್ಕ ಮುಟ್ಟಿದರೆ ನೋಯುತ್ತದಂತೆ, ಹಿಡಿಯುವುದಿಲ್ಲ.

ಏಳು ಕೋಳಿಗಳು ಈಗ ಕೆದರಿಕೊಂಡು ತಿನ್ನುತ್ತಿವೆ. ಕರಿ ಕೋಳಿ ಕಣ್ಣು ಮುಚ್ಚಿ ಕೂತಿದೆ. ಬುಟ್ಟಿಯಲ್ಲಿಟ್ಟು ಒಲೆಯ ಹತ್ತಿರ ಇರಿಸಿ, ಬುಟ್ಟಿಗೆ ಕಂಬಳಿ ಸುತ್ತಿದ್ದೇನೆ. "ಅವ್ವನ ಕೋಳಿಗೆ ಕಂಬಳಿ, ನನಗ ಒಂದು ಲೋಟ ಚಾನೂ ಇಲ್ಲೇನಲೇ" ಎಂದರು ನಿಮ್ಮ ಮಗ. ನನಗೆ ನಗು ಬರಲಿಲ್ಲ. ಮಧ್ಯಾಹ್ನ ನಿಮ್ಮ ಸೀರೆ ಹೊದ್ದುಕೊಂಡು, ಅಂಗೈಯಲ್ಲಿ ನುಚ್ಚು ಹಿಡಿದು ಅದರ ಎದುರು ಕೂತೆ. ಎರಡು ಸಲ ಕುಟುಕಿತು. ತಪ್ಪು ನನ್ನದು, ಆ ಮೂಕ ಜೀವದ್ದಲ್ಲ ಎಂದು ಊರಮ್ಮನಿಗೆ ದೀಪ ಹಚ್ಚಿ ಬೇಡಿಕೊಂಡಿದ್ದೇನೆ. ನೀವೂ ಕೂತಲ್ಲಿಂದಲೇ ಒಂದು ಸಲ ಕೈ ಮುಗಿಯಿರಿ. ಬೈಯುವುದಿದ್ದರೆ ರೇಣುಕಾಳಿಂದ ಬರೆಸಿ ಕಳಿಸಿರಿ, ಓದಿಕೊಳ್ಳುತ್ತೇನೆ.

ದೇವರು ನಿಮ್ಮ ಕಣ್ಣು ತಿಳಿಯಾಗಿಸಲಿ. ಅಲ್ಲಿ ಎಲ್ಲರಿಗೂ ನಮ್ಮ ನೆನಪು ಹೇಳಿರಿ.

ನಿಮ್ಮ ಸೊಸೆ,
ಪಕ್ಕೀರಮ್ಮ

ಶುಕ್ರವಾರ ಬೆಳಿಗ್ಗೆ. ರೇಣುಕಾ, ಇಲ್ಲಿಂದ ಕೆಳಗೆ ಗಟ್ಟಿಯಾಗಿ ಓದಬೇಡ. ಗಾದೆಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕರಿ ಕೋಳಿ ನಸುಕಿನಲ್ಲಿ ಹೋಯಿತು. ಮೇಲೆ ಬರೆದದ್ದು ನಿನ್ನೆ ಸಂಜೆಯ ಮಟ್ಟಿಗೆ ನಿಜ, ಅಷ್ಟನ್ನು ಮಾತ್ರ ಓದು, ಸುಳ್ಳು ಓದಿದ ಪಾಪ ನಿನಗೆ ಬರುವುದಿಲ್ಲ. ಕಣ್ಣಲ್ಲಿ ನೀರು ತಂದುಕೊಳ್ಳಬಾರದೆಂದು ಡಾಕ್ಟರು ಎಷ್ಟು ದಿನ ಹೇಳಿದ್ದಾರೆ? ಆ ಗಡುವು ಮುಗಿಯುವ ತಾರೀಖು ಬರೆದು ಗಾದೆಪ್ಪನ ಕೈಯಲ್ಲೇ ಕಳಿಸು. ಅದು ಮುಗಿದ ಮರುದಿನ ಮೊದಲ ಬಸ್ಸಿಗೆ ನಾನೇ ಬಂದು ಹೇಳುತ್ತೇನೆ. ಅತ್ತೆ ಅತ್ತರೆ ನನ್ನ ಎದುರಿಗೇ ಅಳಲಿ.